ಸಂಜೆಯ ಅಂಕಣ: ಮನೆಯ ಹಾಲು ಮಾರುವವರ ನೋಂದಣಿ

ಶ್ರೋತೃಗಳಿಗೆ ನಮಸ್ಕಾರ. ಕೊಟ್ಟಿಗೆಯಲ್ಲಿ ಎರಡೋ ನಾಲ್ಕೋ ಆಕಳು ಕಟ್ಟಿಕೊಂಡು, ಮನೆಖರ್ಚಿಗೆ ಮಿಕ್ಕ ಹಾಲನ್ನು ನೆರೆಮನೆಗಳಿಗೆ ವರ್ತನೆಗೆ ಹಾಕುವ ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆಯ ಕುಟುಂಬಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಪಶುವೈದ್ಯ, ವಕೀಲನಲ್ಲ. ಆದರೆ ಆಕಳಿನ ಜ್ವರದ ಬಗ್ಗೆ ಕೇಳಿದಷ್ಟೇ ಪ್ರಶ್ನೆಗಳನ್ನು ಜನರು ಹಾಲಿನ ಕಾನೂನಿನ ಬಗ್ಗೆಯೂ ನನ್ನನ್ನು ಕೇಳಿದ್ದಾರೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಬಂದ ನಿಯಮಾವಳಿಯ ಪ್ರಕಾರ, ಸಣ್ಣ ಪ್ರಮಾಣದಲ್ಲಿ ಆಹಾರ ಮಾರುವವರೂ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಹಾಲು ಉತ್ಪಾದಕರ ಸಹಕಾರಿ ಸಂಘದ ಸದಸ್ಯರಿಗೆ ಇದರಿಂದ ವಿನಾಯಿತಿ ಇದೆ, ಆದರೆ ಅದಕ್ಕೆ ಒಂದು ಷರತ್ತಿದೆ: ಸದಸ್ಯರು ತಮ್ಮ ಹಾಲನ್ನು ಪೂರ್ತಿಯಾಗಿ ಸಂಘಕ್ಕೇ ಹಾಕುತ್ತಿರಬೇಕು. ‘ಪೂರ್ತಿ’ ಎಂಬ ಈ ಒಂದು ಶಬ್ದವನ್ನು ದಯವಿಟ್ಟು ನೆನಪಿಡಿ. ಸದಸ್ಯತ್ವದ ರಸೀದಿ ಇದ್ದರೆ ಸಾಕು ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು.

ಶಿರಸಿಯ ಸಮೀಪದ ಒಂದು ಮನೆಯ ಸಂಗತಿ ಹೇಳುತ್ತೇನೆ. ಆ ಮನೆಯ ಗೃಹಿಣಿ ನಾಲ್ಕು ಆಕಳುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಬೆಳಗಿನ ಹಾಲು ಡೈರಿಗೆ, ಅಂದರೆ ಸಹಕಾರಿ ಸಂಘಕ್ಕೆ ಹೋಗುತ್ತಿತ್ತು. ಸಂಜೆಯ ಹಾಲಿನಲ್ಲಿ ಎರಡು ಲೀಟರ್ ನೆರೆಮನೆಗಳಿಗೆ, ನಾಲ್ಕು ಲೀಟರ್ ಪೇಟೆಯ ಒಂದು ಹೋಟೆಲಿಗೆ. ಚುಚ್ಚುಮದ್ದು ಹಾಕಲು ಹೋದಾಗಲೆಲ್ಲ ನಾನು ನೋಂದಣಿಯ ಮಾತು ತೆಗೆಯುತ್ತಿದ್ದೆ. “ಡಾಕ್ಟ್ರೇ, ನಮ್ಮದು ಡೈರಿ ಪುಸ್ತಕ ಇದ್ದು, ಮತ್ತೆ ಎಂತಕ್ಕೆ?” ಎಂದು ಅವರು ನಕ್ಕು, ನನ್ನ ಮುಂದೆ ಚಹಾ ಇಡುತ್ತಿದ್ದರು. ಚಹಾ ಚೆನ್ನಾಗಿಯೇ ಇರುತ್ತಿದ್ದುದರಿಂದ ನಾನೂ ವಾದ ಬೆಳೆಸುತ್ತಿರಲಿಲ್ಲ. ಒಂದು ದಿನ ಹೋಟೆಲಿನ ತಪಾಸಣೆ ನಡೆದು, ಹಾಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಬಂತು. ಪರವಾನಗಿ ಪಡೆದ ಹೋಟೆಲು ನೋಂದಣಿಯೋ ಪರವಾನಗಿಯೋ ಇರುವವರಿಂದಲೇ ಸಾಮಗ್ರಿ ಕೊಳ್ಳಬೇಕು, ಕೊಂಡದ್ದಕ್ಕೆ ಲೆಕ್ಕವನ್ನೂ ಇಡಬೇಕು. ಇದು ಪರವಾನಗಿಯಲ್ಲಿಯೇ ಇರುವ ಷರತ್ತು. ಮಾಲೀಕರು ಗಾಬರಿಯಿಂದ ಹೇಳಿಕಳುಹಿಸಿದರು. ಗೃಹಿಣಿ ಹೆಮ್ಮೆಯಿಂದಲೇ ಹಾಲಿನ ಕೈ ಒರೆಸಿಕೊಂಡು, ಡೈರಿಯ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಅಧಿಕಾರಿ ಪುಟ ತಿರುವಿದರು. ದಿನಾಂಕ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಅಂದರೆ ಕೊಬ್ಬಿನೇತರ ಘನಾಂಶ, ದರ. ಬೆಳಗಿನ ಸಾಲುಗಳೆಲ್ಲ ನೀಲಿ ಶಾಯಿಯಲ್ಲಿ ತುಂಬಿದ್ದವು. ಪಕ್ಕದ ಸಂಜೆಯ ಅಂಕಣ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಳಿಯಾಗಿಯೇ ಇತ್ತು. ತಮ್ಮ ಪರವಾಗಿ ಒಯ್ದ ಪುಸ್ತಕವೇ ತಮ್ಮ ವಿರುದ್ಧ ಸಾಕ್ಷಿ ಹೇಳಿತು. ಯಾರೂ ದಂಡ ಹಾಕಲಿಲ್ಲ, ಬೈಯಲೂ ಇಲ್ಲ. ಆದರೆ ಹೋಟೆಲಿನವರು ಅಂದಿನಿಂದಲೇ ಹಾಲು ನಿಲ್ಲಿಸಿದರು. ಮೂರು ವಾರ ಆ ಮನೆಯಲ್ಲಿ ಮೊಸರು ಕಡೆದದ್ದೇ ಕಡೆದದ್ದು. ನಾನು ಹೋದಾಗ ಚಹಾದ ಬದಲು ಮಜ್ಜಿಗೆ ಬಂತು. ನೋಂದಣಿಯ ಹದಿನಾಲ್ಕು ಅಂಕಿಗಳ ಸಂಖ್ಯೆ ಕೈಗೆ ಬಂದ ಮೇಲೆಯೇ ವರ್ತನೆ ಮತ್ತೆ ಶುರುವಾಯಿತು.

ಈ ನೋಂದಣಿಯ ಶುಲ್ಕವೆಷ್ಟು ಗೊತ್ತೇ? 2011ರ ನಿಯಮಾವಳಿ ಗೊತ್ತುಪಡಿಸಿದ್ದು ವರ್ಷಕ್ಕೆ 100 ರೂಪಾಯಿ. ದಿನಕ್ಕೆ 500 ಲೀಟರಿನೊಳಗೆ ಹಾಲಿನ ವ್ಯವಹಾರ ಮಾಡುವ ಸಣ್ಣವರಿಗೆ ಅದೇ ನಿಯಮಾವಳಿ ನೋಂದಣಿ ಸಾಕೆಂದಿದೆ. ನಮ್ಮ ಕೊಟ್ಟಿಗೆಗಳಲ್ಲಿ ಆ ಲೆಕ್ಕ ಮುಟ್ಟುವವರು ಯಾರಿದ್ದಾರೆ? ಅರ್ಜಿ ನಮೂನೆ ‘ಎ’. ಅದನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಕಂಪ್ಯೂಟರಿನಲ್ಲಿಯೇ ತುಂಬಿಸಬಹುದು. ಪೂರ್ತಿ ಹಾಲು ಡೈರಿಗೆ ಹಾಕುತ್ತೀರಾದರೆ ಇದಾವುದೂ ಬೇಡ. ಒಂದು ಲೀಟರ್ ಹೊರಗೆ ಹೋದರೂ ಬೇಕು.

ಸಮಯ ಕಡಿಮೆ ಉಳಿದಿದೆ, ಕಥೆ ಉದ್ದವಾಯಿತು. ಆದ್ದರಿಂದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನೋಂದಣಿ ಆದ ಮಾತ್ರಕ್ಕೆ ಹಾಲು ಹೇಗಿದ್ದರೂ ನಡೆಯುತ್ತದೆ ಎಂದಲ್ಲ. ಆಕಳ ಹಾಲಿನಲ್ಲಿ ಕನಿಷ್ಠ 3.2 ಶೇಕಡಾ ಕೊಬ್ಬು, 8.3 ಶೇಕಡಾ ಕೊಬ್ಬಿನೇತರ ಘನಾಂಶ ಇರಬೇಕು. ನೀರು ಬೆರೆಸಿದ ಹಾಲನ್ನು ಮಾರುವಂತಿಲ್ಲ, ಎಷ್ಟು ಬೆರೆಸಿದ್ದೀರಿ ಎಂಬ ಚೌಕಾಸಿಯೂ ಇಲ್ಲ. ಕಾನೂನು ಕೊಟ್ಟ ಹಾಲಿನ ವ್ಯಾಖ್ಯೆಯಲ್ಲಿ ಗಿಣ್ಣಿಗೆ ಜಾಗವಿಲ್ಲ. ಕರು ಹಾಕಿದ ಮೊದಲ ದಿನಗಳ ಹಾಲನ್ನು ವರ್ತನೆಯ ಹಾಲಿಗೆ ಸೇರಿಸಬೇಡಿ, ಗಿಣ್ಣು ಮಾಡಿ ಮನೆಯವರು ತಿನ್ನಿ. ಕೆಚ್ಚಲು ಬಾವಿಗೆ ನಾವು ಔಷಧ ಕೊಟ್ಟಾಗ ಎಷ್ಟು ದಿನ ಹಾಲು ಮಾರಬಾರದೆಂದು ಹೇಳುತ್ತೇವೆಯೋ ಅಷ್ಟು ದಿನವೂ ಮಾರಬೇಡಿ; ಬೆಳಿಗ್ಗೆ ಹೇಳಿದ್ದನ್ನು ಸಂಜೆಗೆ ಮರೆಯುವವರನ್ನು ನಾನು ಕಂಡಿದ್ದೇನೆ. ಅಜ್ಜಿಯ ಕಾಲದ ಹಿತ್ತಾಳೆಯ ತಂಬಿಗೆಗೆ ಕಲಾಯಿ ಹೋಗಿದ್ದರೆ ಅದನ್ನು ಅಟ್ಟದ ಮೇಲಿಟ್ಟು ಸ್ಟೀಲಿನ ಕ್ಯಾನು ಬಳಸಿ. ಅಳತೆಗೆ ಮುದ್ರೆ ಇರುವ ಲೀಟರ್ ಪಾತ್ರೆಯೇ ಬೇಕು, ಅಡುಗೆಮನೆಯ ಲೋಟ ಅಳತೆಯಲ್ಲ.

ಈ ಕಾರ್ಯಕ್ರಮ ಮುಗಿದ ಕೂಡಲೇ ಡೈರಿಯ ಪುಸ್ತಕ ತೆಗೆದು ಸಂಜೆಯ ಅಂಕಣ ನೋಡಿ. ಅದು ಖಾಲಿಯಿದ್ದು, ಆ ಹೊತ್ತಿನ ಹಾಲು ಬೇರೆಯವರ ಮನೆಗೆ ಹೋಗುತ್ತಿದ್ದರೆ, ನಾಳೆ ಪೇಟೆಗೆ ಹೋಗುವಾಗ ಗುರುತಿನ ಚೀಟಿಯನ್ನೂ ಒಂದು ಭಾವಚಿತ್ರವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ನಮಸ್ಕಾರ.