15 ಸೆಂಟಿನ ಪೇಪರ್, ಫಿಲ್ಮೋರ್‌ನ ಸೇಬು

ನಮಸ್ಕಾರ. ಕತ್ತಲು ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಇದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಗರಾಜು, ಇರುವುದು ಒಂದೇ ಬಲ್ಬು. ಸ್ಟೂಲಿನ ಮೇಲೆ ಕೂತು ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದಾರಲ್ಲ, ಅವರು ನನ್ನ ಹಳೆಯ ಮನೆ ಓನರ್. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇವರ ಮನೆಯ ಹಿಂದಿನ ರೂಮಿನಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ಮುಖ ತೋರಿಸಬೇಡ, ಬೇಕಾದರೆ ಕೈ ತೋರಿಸು ಅಂದಿದ್ದಾರೆ. ಹಾಗಾಗಿ ನಿಮಗೆ ಕಾಣುವುದು ಅವರ ಕೈಗಳು ಮಾತ್ರ. ವಯಸ್ಸು 77. ಹೆಸರು ಹಿಡಿದು ಕರಿ ಅಂತ ಹಠ ಮಾಡುತ್ತಾರೆ, ನನಗೆ ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಅಜ್ಜಿ ಅಂದುಕೊಳ್ಳುತ್ತೇನೆ. ಇಲ್ಲೂ ಅಜ್ಜಿ ಅಂತಲೇ ಇರಲಿ.

ಮೇಲಿನ ಕಟ್ಟು ನೋಡಿ. ಬರ್ಕ್ಲಿ ಬಾರ್ಬ್. 1965ರ ಆಗಸ್ಟಿನಲ್ಲಿ ಮ್ಯಾಕ್ಸ್ ಶೆರ್ ಎನ್ನುವವರು ಶುರು ಮಾಡಿದ ವಾರಪತ್ರಿಕೆ. ಅದಕ್ಕೂ ಮೊದಲು ಅವರು ಒಂದು ಬಾರ್ ಇಟ್ಟುಕೊಂಡಿದ್ದರು. ಅಜ್ಜಿ ಆಗ ಕಾಲೇಜು ಹುಡುಗಿ. ವಾರಕ್ಕೊಮ್ಮೆ ಒಂದು ಕಟ್ಟು ಹೊತ್ತು ತಂದು ಟೆಲಿಗ್ರಾಫ್ ಅವೆನ್ಯೂ ಫುಟ್‌ಪಾತಿನಲ್ಲಿ ನಿಂತು ಕೂಗಿ ಮಾರುತ್ತಿದ್ದರಂತೆ. ಒಂದಕ್ಕೆ 15 ಸೆಂಟ್. ಅದರಲ್ಲಿ ಮಾರಿದವರಿಗೂ ಒಂದು ಪಾಲು. ಮಳೆ ಬಂದರೆ ಆ ವಾರ ಊಟಕ್ಕೆ ಬರೀ ಬ್ರೆಡ್ಡು.

ಇಂಥ ಪೇಪರುಗಳಿಗೆ ಅಂಡರ್‌ಗ್ರೌಂಡ್ ಪ್ರೆಸ್ ಅಂತ ಹೆಸರು. ಕನ್ನಡದಲ್ಲಿ ಭೂಗತ ಪತ್ರಿಕೆ ಅನ್ನೋಣ ಅಂದರೆ, ನಮಗೆ ಭೂಗತ ಅಂದ ಕೂಡಲೇ ನೆನಪಾಗುವುದು ಮಚ್ಚು ಹಿಡಿದ ಡಾನ್‌ಗಳು. ಇಲ್ಲಿ ಭೂಮಿಯ ಕೆಳಗೆ ಏನೂ ಇರಲಿಲ್ಲ. ಹಾಡಹಗಲೇ ರಸ್ತೆಯಲ್ಲಿ ಮಾರುತ್ತಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ, ಪೊಲೀಸರ ಬಗ್ಗೆ, ಗಾಂಜಾ ಬಗ್ಗೆ ದೊಡ್ಡ ಪತ್ರಿಕೆಗಳು ಬರೆಯದ್ದನ್ನು ಇವರು ಬರೆಯುತ್ತಿದ್ದರು, ಅಷ್ಟೇ.

ಬರೆಯಲು ಧೈರ್ಯ ಬೇಕು ಸರಿ, ಅಚ್ಚು ಹಾಕಲು ದುಡ್ಡು? ಮೊಳೆ ಜೋಡಿಸುವ ಕಾಲವಾಗಿದ್ದರೆ ಇದು ಆಗುತ್ತಲೇ ಇರಲಿಲ್ಲ. ಪುಟದ ಫೋಟೋ ತೆಗೆದು ಅಚ್ಚು ಹಾಕುವ ಆಫ್‌ಸೆಟ್ ಬಂದಿತ್ತು. ಟೈಪ್‌ರೈಟರ್, ಕತ್ತರಿ, ಅಂಟು ಇದ್ದರೆ ಸಾಕು. ಟೈಪ್ ಮಾಡಿದ್ದನ್ನು ಕತ್ತರಿಸಿ ಹಾಳೆಗೆ ಅಂಟಿಸಿ ಪ್ರೆಸ್ಸಿಗೆ ಕೊಟ್ಟುಬಿಡುವುದು. ಈ ಪುಟ ನೋಡಿ, ಸಾಲು ಹೇಗೆ ಓರೆಯಾಗಿದೆ. ಯಾರೋ ರಾತ್ರಿ ಎರಡು ಗಂಟೆಗೆ ತೂಕಡಿಸುತ್ತಾ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಅಜ್ಜಿ ನಕ್ಕರು. ‘ನಾನೇ ಇರಬೇಕು’ ಅಂದರು. 1966ರಲ್ಲಿ ಇಂಥ ಪತ್ರಿಕೆಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಒಬ್ಬರದನ್ನು ಇನ್ನೊಬ್ಬರು ಪುಕ್ಕಟೆಯಾಗಿ ಅಚ್ಚು ಹಾಕಬಹುದು, ಕೇಳುವ ಹಾಗೂ ಇಲ್ಲ.

ಪೆಟ್ಟಿಗೆಯಲ್ಲಿ ಪೇಪರುಗಳ ಜೊತೆ ರಾಕ್ ಸಂಗೀತದ ಪೋಸ್ಟರುಗಳೂ ಇವೆ. ಇದಕ್ಕೂ ಅದಕ್ಕೂ ಏನು ಸಂಬಂಧ? ನಾನೂ ಇದನ್ನೇ ಕೇಳಿದೆ. ಅಜ್ಜಿ ಉತ್ತರ ಕೊಡುವ ಬದಲು ಫಿಲ್ಮೋರ್ ಎನ್ನುವ ಹಾಲಿನ ಒಂದು ಪೋಸ್ಟರ್ ಬಿಡಿಸಿ ಇಟ್ಟು, ‘ಹೋಗಿ ನೋಡಿಕೊಂಡು ಬಾ’ ಅಂದರು.

ಹೋದೆ. ಕೊಲ್ಲಿಯ ಕೆಳಗಿನ ಸುರಂಗದಲ್ಲಿ ಬಾರ್ಟ್ ರೈಲು, ಆಮೇಲೆ 38ನೇ ನಂಬರ್ ಬಸ್ಸು. ಸ್ಯಾನ್ ಫ್ರಾನ್ಸಿಸ್ಕೋದ ಗೇರಿ ಮತ್ತು ಫಿಲ್ಮೋರ್ ರಸ್ತೆ ಸೇರುವ ಮೂಲೆ. ಈ ಇಟ್ಟಿಗೆ ಕಟ್ಟಡವೇ ಫಿಲ್ಮೋರ್. 1912ರಲ್ಲಿ ಡ್ಯಾನ್ಸ್ ಹಾಲ್ ಆಗಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಇದರೊಳಗೆ ಒಂದು ಚರಿತ್ರೆ ಇದೆ ಅಂತ ಅನ್ನಿಸುವುದೇ ಇಲ್ಲ.

ಕಥೆ ಶುರುವಾಗುವುದು ಹಾಡಿನಿಂದ ಅಲ್ಲ, ನಾಟಕದಿಂದ. 1965ರ ಆಗಸ್ಟ್. ಬಾರ್ಬ್ ಶುರುವಾದ ತಿಂಗಳೇ. ಸ್ಯಾನ್ ಫ್ರಾನ್ಸಿಸ್ಕೋ ಮೈಮ್ ಟ್ರೂಪ್ ಅಂತ ಒಂದು ತಂಡ, ಪಾರ್ಕುಗಳಲ್ಲಿ ಬಯಲು ನಾಟಕ ಆಡುತ್ತಿತ್ತು. ನಾಟಕ ಅಸಭ್ಯ ಅಂತ ಪಾರ್ಕಿನವರು ಪರ್ಮಿಟ್ ರದ್ದು ಮಾಡಿದರು. ಆದರೂ ಆಡಲು ಹೊರಟರು, ನಿರ್ದೇಶಕ ಆರ್. ಜಿ. ಡೇವಿಸ್ ಅವರನ್ನು ಪೊಲೀಸರು ಅಲ್ಲೇ ಹಿಡಿದರು. ಕೋರ್ಟ್ ಖರ್ಚಿಗೆ ದುಡ್ಡು ಬೇಕಲ್ಲ. ತಂಡದ ಲೆಕ್ಕಪತ್ರ ನೋಡುತ್ತಿದ್ದ ಬಿಲ್ ಗ್ರಹಾಂ ನವೆಂಬರ್ 6ರಂದು ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡಿದರು. ಜನ ಮೆಟ್ಟಿಲ ತನಕ ತುಂಬಿದರು. ಎರಡನೆಯದಕ್ಕೆ ದೊಡ್ಡ ಹಾಲ್ ಬೇಕಾಯಿತು. ಡಿಸೆಂಬರ್ 10ಕ್ಕೆ ಈ ಫಿಲ್ಮೋರ್ ಸಿಕ್ಕಿತು. ಮಾತಾಡಲು ಬಿಡಲಿಲ್ಲ ಅನ್ನುವ ಜಗಳದಿಂದಲೇ ಪತ್ರಿಕೆಯೂ ಬಂತು, ಈ ಹಾಲೂ ತುಂಬಿತು. ಅಜ್ಜಿ ಹೋಗಿ ನೋಡು ಅಂದದ್ದು ಇದಕ್ಕೇ.

ಗ್ರಹಾಂ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ. ನಾಜಿಗಳ ಕೈ ತಪ್ಪಿಸಿಕೊಂಡು 1941ರಲ್ಲಿ ನ್ಯೂಯಾರ್ಕ್ ಸೇರಿದವರು. ಗ್ರಹಾಂ ಅನ್ನುವ ಹೆಸರನ್ನು ಟೆಲಿಫೋನ್ ಪುಸ್ತಕದಿಂದ ಆರಿಸಿಕೊಂಡರು. ಮಹಾ ಜಗಳಗಂಟ, ಲೆಕ್ಕದಲ್ಲಿ ಕಟ್ಟುನಿಟ್ಟು. ಹಿಪ್ಪಿಗಳ ನಡುವೆ ಕೈಗೆ ವಾಚು ಕಟ್ಟಿಕೊಂಡು ಓಡಾಡುತ್ತಿದ್ದವನು ಅವನೊಬ್ಬನೇ ಅಂತ ಅಜ್ಜಿ ಹೇಳುತ್ತಾರೆ.

ಆದರೆ ಎಲ್ಲರೂ ಮರೆಯುವ ಇನ್ನೊಂದು ಹೆಸರಿದೆ. ಚಾರ್ಲ್ಸ್ ಸಲ್ಲಿವನ್. ಈ ಬಡಾವಣೆ ಆಗ ಕಪ್ಪು ಜನರದ್ದು. ಹಾಲ್ ಸಲ್ಲಿವನ್ ಅವರ ಕೈಯಲ್ಲಿತ್ತು. ಜೇಮ್ಸ್ ಬ್ರೌನ್ ಅಂಥ ಗಾಯಕರನ್ನು ಇಲ್ಲಿಗೆ ಕರೆಸಿದವರು ಅವರು. ಗ್ರಹಾಂಗೆ ಹಾಲ್ ಬಿಟ್ಟುಕೊಟ್ಟವರೂ ಅವರೇ. 1966ರಲ್ಲಿ ಅವರು ಗುಂಡೇಟಿನಿಂದ ಸತ್ತರು. ಆ ಕಾಲದಲ್ಲೇ ನಗರ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲಿನ ಮನೆಗಳೂ ನೆಲಸಮವಾದವು. ಈಗ ನೀವು ನೋಡುತ್ತಿರುವ ಇಷ್ಟು ಅಗಲದ ಗೇರಿ ರಸ್ತೆ ಇದೆಯಲ್ಲ, ಇದಕ್ಕೂ ಮನೆಗಳು ಹೋದವು.

ಒಳಗೆ ಬಂದೆವು. ಮೆಟ್ಟಿಲ ಹತ್ತಿರ ಟಬ್ಬಿನಲ್ಲಿ ಸೇಬು. ಪುಕ್ಕಟೆ! ಗ್ರಹಾಂ ಕಾಲದಿಂದ ಬಂದ ಪದ್ಧತಿ. ನಾನು ಎರಡು ತೆಗೆದುಕೊಂಡೆ, ಒಂದು ಅಜ್ಜಿಗೆ.

ಗ್ರಹಾಂ ಕಾಲದಲ್ಲಿ ಹಾಡು ನಡೆಯುವಾಗ ಇಲ್ಲಿ ಗೋಡೆಯ ತುಂಬ ಬಣ್ಣ ಕುಣಿಯುತ್ತಿತ್ತು. ಅದು ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ ಮತ್ತೆ. ನಮ್ಮ ಕಾಲೇಜುಗಳಲ್ಲಿ ಓಎಚ್‌ಪಿ ಇರುತ್ತಿತ್ತಲ್ಲ, ಮೇಷ್ಟ್ರು ಪಾರದರ್ಶಕ ಹಾಳೆ ಇಟ್ಟು ಪಾಠ ಮಾಡುತ್ತಿದ್ದದ್ದು? ಅದೇ. ಅದರ ಮೇಲೆ ಗಡಿಯಾರದ ದೊಡ್ಡ ಗಾಜು, ಅದರೊಳಗೆ ನೀರು, ಎಣ್ಣೆ, ಬಣ್ಣ. ಹಾಡಿನ ತಾಳಕ್ಕೆ ಸರಿಯಾಗಿ ಇನ್ನೊಂದು ಗಾಜಿನಿಂದ ಒತ್ತುತ್ತಾ ಇದ್ದರೆ ಬಣ್ಣದ ಗುಳ್ಳೆಗಳು ಉಸಿರಾಡುತ್ತವೆ.

1967ರ ಫೆಬ್ರವರಿಯಲ್ಲಿ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಇಲ್ಲಿಗೆ ಬಂದರು. ಅಷ್ಟು ವರ್ಷ ಅವರು ಹಾಡಿದ್ದು ಹೆಚ್ಚಾಗಿ ಕಪ್ಪು ಜನರ ಮುಂದೆ. ಬಾಗಿಲಲ್ಲಿ ಉದ್ದ ಕೂದಲಿನ ಬಿಳಿ ಹುಡುಗರ ಸಾಲು ನೋಡಿ, ತಪ್ಪು ವಿಳಾಸಕ್ಕೆ ಬಂದೆ ಅಂದುಕೊಂಡರಂತೆ. ಅವರ ಹೆಸರು ಹೇಳಿದ ಕೂಡಲೇ, ಇನ್ನೂ ಒಂದು ತಂತಿ ಮುಟ್ಟುವ ಮೊದಲೇ, ಹಾಲ್ ಎದ್ದು ನಿಂತಿತು. ಕಿಂಗ್ ಅತ್ತುಬಿಟ್ಟರು. ಅಜ್ಜಿ ಆವತ್ತು ಹಿಂದುಗಡೆ ಇದ್ದರಂತೆ. ‘ಕಣ್ಣೀರು ನನಗೆ ಕಾಣಲಿಲ್ಲ. ಕಂಡಿತು ಅಂತ ಹೇಳುವವರು ನೂರು ಜನ ಸಿಗುತ್ತಾರೆ’ ಅಂದರು. ಈ ಅಜ್ಜಿ ನನಗೆ ಇಷ್ಟವಾಗುವುದು ಇದಕ್ಕೇ.

ಮತ್ತೆ ಗರಾಜಿಗೆ ಬಂದೆ. ಈ ಪೋಸ್ಟರ್ ಓದಿ ನೋಡೋಣ. ಆಗುವುದಿಲ್ಲ ಅಲ್ವಾ? ವೆಸ್ ವಿಲ್ಸನ್ ಬರೆದ ಅಕ್ಷರಗಳು. ಬೆಂಕಿಯ ನಾಲಿಗೆಯ ಹಾಗೆ ಊದಿಕೊಂಡಿವೆ. ಪೋಸ್ಟರ್ ದೂರದಿಂದಲೇ ಓದುವಂತಿರಬೇಕು ಅನ್ನುವ ನಿಯಮವನ್ನೇ ಇವರು ತಲೆಕೆಳಗು ಮಾಡಿದರು. ಓದಬೇಕಾದರೆ ನಿಲ್ಲಬೇಕು. ಅಂಟಿಸಿ ಹಿಂದೆ ತಿರುಗುವಷ್ಟರಲ್ಲಿ ಜನ ಕಿತ್ತುಕೊಂಡು ಹೋಗುತ್ತಿದ್ದರು.

ಇದು ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಹಾಲ್, ಅವಲಾನ್ ಬಾಲ್‌ರೂಮಿನ ಕರಪತ್ರ. 1967ರ ಜನವರಿ 29, ಮಂತ್ರ ರಾಕ್ ಡ್ಯಾನ್ಸ್. ಗ್ರೇಟ್‌ಫುಲ್ ಡೆಡ್ ಎನ್ನುವ ರಾಕ್ ತಂಡ ನುಡಿಸಿದ ವೇದಿಕೆಯಲ್ಲೇ ಇಸ್ಕಾನ್ ಸ್ಥಾಪಕ ಪ್ರಭುಪಾದರು ಕೂತು ಹರೇ ಕೃಷ್ಣ ಹೇಳಿಸಿದರು. ರಾಜಾಜಿನಗರದ ಗುಡ್ಡದ ಮೇಲೆ ಪ್ರಸಾದಕ್ಕೆ ಕ್ಯೂ ನಿಂತ ನಮಗೆ ಇದೊಂದು ತಮಾಷೆಯ ದೃಶ್ಯ. ಆ ರಾತ್ರಿ ಟಿಕೆಟ್ಟು ಎರಡೂವರೆ ಡಾಲರ್.

ಇನ್ನು ಇದು, ಸ್ಯಾನ್ ಫ್ರಾನ್ಸಿಸ್ಕೋ ಓರಾಕಲ್ ಪತ್ರಿಕೆ. 1966ರ ಸೆಪ್ಟೆಂಬರಿನಿಂದ 1968ರ ಫೆಬ್ರವರಿ ತನಕ, ಬರೀ 12 ಸಂಚಿಕೆ. ಈ ಕಾಮನಬಿಲ್ಲು ನೋಡಿ. ಅಚ್ಚಿನ ಯಂತ್ರದಲ್ಲಿ ಶಾಯಿ ತುಂಬುವ ತೊಟ್ಟಿಗೆ ಅಡ್ಡ ತಡೆ ಇಟ್ಟು, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಸುರಿಯುತ್ತಿದ್ದರು. ರೋಲರ್ ತಿರುಗಿದಂತೆ ಅಂಚಿನಲ್ಲಿ ಬಣ್ಣಗಳು ಬೆರೆಯುತ್ತವೆ. ಒಂದು ಪ್ರತಿಯ ಹಾಗೆ ಇನ್ನೊಂದಿಲ್ಲ. ಕೆಲವು ಪ್ರತಿಗಳಿಗೆ ಮಲ್ಲಿಗೆ ಸೆಂಟು ಬೇರೆ ಹೊಡೆಯುತ್ತಿದ್ದರು. ಮೂಸಿ ನೋಡಿದೆ. ಹಳೇ ಟ್ರಂಕಿನ ವಾಸನೆ.

ಎಲ್ಲ ಸಿಹಿ ಅಲ್ಲ. ಪೇಪರು ಬದುಕಿದ್ದೇ ಜಾಹೀರಾತಿನಿಂದ. ರೆಕಾರ್ಡ್ ಕಂಪನಿಗಳು ದೊಡ್ಡ ದೊಡ್ಡ ಪುಟ ಕೊಳ್ಳುತ್ತಿದ್ದವು. 1969ರ ಜನವರಿಯಲ್ಲಿ ಎಫ್‌ಬಿಐನ ಸ್ಯಾನ್ ಫ್ರಾನ್ಸಿಸ್ಕೋ ಕಚೇರಿ ಒಂದು ಟಿಪ್ಪಣಿ ಬರೆಯಿತು, ಕೊಲಂಬಿಯಾ ರೆಕಾರ್ಡ್ಸ್‌ನವರು ಈ ಪತ್ರಿಕೆಗಳಿಗೆ ಜಾಹೀರಾತು ಕೊಡದ ಹಾಗೆ ಮಾಡಬೇಕು ಅಂತ. ಅದೇ ವರ್ಷ ಆ ಜಾಹೀರಾತು ನಿಂತಿತು. ಇತ್ತ ಬಾರ್ಬ್ ಒಳಗೂ ದುಡ್ಡಿನ ಜಗಳ. ಬರೆಯುವವರೆಲ್ಲ ಹೊರಗೆ ಬಂದು ಬರ್ಕ್ಲಿ ಟ್ರೈಬ್ ಶುರು ಮಾಡಿದರು. ಅಜ್ಜಿ ಯಾವ ಕಡೆ ಅಂತ ಕೇಳಿದೆ. ‘ಎರಡನ್ನೂ ಮಾರಿದೆ. ಬಾಡಿಗೆ ಕಟ್ಟಬೇಕಿತ್ತು’ ಅಂದರು.

ಹೊರಡುವಾಗ ಒಂದು ಬಾರ್ಬ್ ನನ್ನ ಕೈಗಿಟ್ಟರು. ಇಟ್ಟವರು ಕೈ ಹಿಂದೆ ತೆಗೆಯಲಿಲ್ಲ, ಅಂಗೈ ಚಾಚಿಯೇ ಇತ್ತು. 15 ಸೆಂಟ್! ಜೇಬು ತಡಕಿದೆ. ಫೋನು, ಬಾರ್ಟ್ ಕಾರ್ಡು, ಸೇಬು. ಸೇಬು ಕೊಟ್ಟೆ. ಚಿಲ್ಲರೆ ಮುಂದಿನ ಸಲ ಮರೆಯದೆ ತರಬೇಕಂತೆ.