ಮೂಗಿನಿಂದ ಹಿಂದಕ್ಕೆ

ನಮಸ್ಕಾರ. ಪುಣೆಯಲ್ಲಿ ಮೋಶಿ ಹತ್ತಿರ ಒಂದು ತಗಡಿನ ಶೆಡ್ ಇದೆ. ಹೊರಗಿನಿಂದ ನೋಡಿದರೆ ವೆಲ್ಡಿಂಗ್ ಅಂಗಡಿ ಅನ್ನಬೇಕು. ಒಳಗೆ ನನ್ನ ಅಕ್ಕನ ಗಂಡ, ಹುಬ್ಬಳ್ಳಿಯ ನಮ್ಮ ಭಾವ, ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ಅಮೆರಿಕದಿಂದ ಪೆಟ್ಟಿಗೆಗಳಲ್ಲಿ ಬಂದ ಕಿಟ್. ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ ಒಂದೇ: "ತಾರಸಿ ಮೇಲಾ?" ಮುಂಬೈಯ ಕಾಂದಿವಲಿಯಲ್ಲಿ ಅಮೋಲ್ ಯಾದವ್ ಮನೆಯ ತಾರಸಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿ, 2016ರಲ್ಲಿ ಮೇಕ್ ಇನ್ ಇಂಡಿಯಾ ಮೇಳದಲ್ಲಿ ನಿಲ್ಲಿಸಿದರಲ್ಲ, ಅಲ್ಲಿಂದ ಈ ಪ್ರಶ್ನೆ ನಮಗೆ ತಪ್ಪಿದ್ದಲ್ಲ. ಇಲ್ಲ, ನಮ್ಮದು ನೆಲದ ಮೇಲೇ ಇದೆ. ಇನ್ನೂ ಹಾರಿಲ್ಲ.

ನಾನು ಭೋಸರಿಯ ಟೂಲ್ ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಅಚ್ಚು, ಉಪಕರಣ ಮಾಡುವ ಕಡೆ, ಮೂವತ್ತು ವರ್ಷ ದುಡಿದವನು. "ಕೌಲಿಂಗ್ ಕೂರಿಸಬೇಕು, ಬಾರೋ" ಅಂತ ಭಾವ ಕರೆದಾಗ ಒಂದು ಭಾನುವಾರದ ಕೆಲಸ ಅಂದುಕೊಂಡೆ. ಏಳು ಭಾನುವಾರ ಹಿಡಿಯಿತು.

ರೇಡಿಯೊದಲ್ಲಿ ಚಿತ್ರ ತೋರಿಸೋಕೆ ಆಗಲ್ಲ. ಅದಕ್ಕೆ ಎಡಗೈ ಮುಷ್ಟಿ ಮಾಡಿ. ಗಾಡಿ ಓಡಿಸುತ್ತಿರುವವರಿಗೆ ಬೇಡ. ಆ ಮುಷ್ಟಿ ಎಂಜಿನ್. ಅದರ ಮೇಲೆ ಬಲಗೈಯನ್ನು ಬೋಗುಣಿಯ ಹಾಗೆ ಕವುಚಿ. ಅದು ಕೌಲಿಂಗ್. ಫೈಬರ್‌ಗ್ಲಾಸಿನದು, ಮೇಲೊಂದು ಹೋಳು, ಕೆಳಗೊಂದು ಹೋಳು. ಹಿಂದೆ ಅದು ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಬೆಂಕಿ ತಡೆಯುವ ಗೋಡೆ, ಅದರ ಹತ್ತಿರ ವಿಮಾನದ ಮೈಗೆ ಕೂಡುತ್ತದೆ. ಮುಂದೆ ಪ್ರೊಪೆಲರಿನ ಟೋಪಿ, ಅಂದರೆ ಸ್ಪಿನ್ನರ್, ಅದಕ್ಕೆ ತಾಗದ ಹಾಗೆ ನಿಲ್ಲುತ್ತದೆ.

ಎಲ್ಲಿಂದ ಶುರು? ಫೈರ್‌ವಾಲ್ ಅಲ್ಲಾಡದ ಜಾಗ, ಅಲ್ಲಿಂದಲೇ ಅಂದೆ ನಾನು. ಭಾವ ತಲೆ ಅಲ್ಲಾಡಿಸಿದರು. "ಮೂಗಿನಿಂದ ಹಿಂದಕ್ಕೆ ಬರಬೇಕು. ಹಿಂದೆ ಕತ್ತರಿಸೋಕೆ ಅಂತಲೇ ಉದ್ದ ಬಿಟ್ಟಿದ್ದಾರೆ. ಮುಂದೆ ಏನು ಕತ್ತರಿಸ್ತೀಯ?" ಸರಿ, ಸ್ಪಿನ್ನರಿನ ಹಿಂಬಿಲ್ಲೆಗೂ ಕೌಲಿಂಗಿನ ಮೂತಿಗೂ ನಡುವೆ 6 ಮಿಲಿಮೀಟರ್ ಪ್ಲೈವುಡ್ ತುಂಡುಗಳನ್ನು ಇಟ್ಟು ಟೇಪ್ ಸುತ್ತಿದೆವು. ಸುತ್ತಲೂ ಒಂದೇ ಸಂದು.

ಆದರೆ ಎತ್ತರದಲ್ಲಿ ಭಾವ ಬೇಕಂತಲೇ ತಪ್ಪಾಗಿ ಕೂರಿಸಿದರು. ಸ್ಪಿನ್ನರಿಗಿಂತ ಕೌಲಿಂಗ್ 3 ಮಿಲಿಮೀಟರ್ ಕೆಳಗೆ. ನನ್ನ ಕಣ್ಣಿಗೆ ಮುಳ್ಳು. "ಸೊಟ್ಟ ಇದೆಯಲ್ಲ ಭಾವ?" ಅಂದೆ. ನೂರು ಕಿಲೋಗೂ ಜಾಸ್ತಿ ತೂಕದ ಎಂಜಿನ್, ರಬ್ಬರಿನ ಮೇಲೆ ಕೂತಿದೆ. ಹೊಸ ರಬ್ಬರ್ ದಿನ ಕಳೆದಂತೆ ಕುಗ್ಗುತ್ತದೆ, ಎಂಜಿನ್ ಮೂಗು ತಗ್ಗಿಸುತ್ತದೆ, ಜೊತೆಗೆ ಸ್ಪಿನ್ನರೂ ಇಳಿಯುತ್ತದೆ. ಇವತ್ತು ಸರಿ ಕೂತದ್ದು ಆಗ ಸೊಟ್ಟ. ಟೂಲ್ ರೂಮಿನಲ್ಲಿ ನಾವು ಇವತ್ತಿನ ಅಳತೆಯನ್ನಷ್ಟೇ ನಂಬುತ್ತಿದ್ದೆವು ನೋಡಿ. ಅದೇ ರಬ್ಬರಿನಿಂದ ಇನ್ನೊಂದು ಪಾಠ: ಶುರು ಮಾಡುವಾಗ, ನಿಲ್ಲಿಸುವಾಗ ಎಂಜಿನ್ ಜೋರಾಗಿ ಕುಲುಕುತ್ತದೆ. ಒಳಗೆಲ್ಲ ಬೆರಳು ಆಡುವಷ್ಟಾದರೂ ಜಾಗ ಬೇಕು. ಬಿಸಿ ಸೈಲೆನ್ಸರ್ ಹತ್ತಿರ ಇನ್ನೂ ಜಾಸ್ತಿ.

ಇಷ್ಟು ತಲೆನೋವು ಯಾಕೆ, ಬಿಚ್ಚಿಯೇ ಹಾರಿಸಬಾರದೇ ಅಂತ ಕೇಳಿದೆ. ಭಾವ ಕಥೆ ಹೇಳಿದರು: 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಸಂಶೋಧನಾಲಯದಲ್ಲಿ ಫ್ರೆಡ್ ವೈಕ್ ಮತ್ತು ಜೊತೆಗಾರರು ಮಾಡಿದ ಕೌಲಿಂಗ್ ಹಾಕಿದಾಗ, ಒಂದು ಕರ್ಟಿಸ್ ವಿಮಾನದ ವೇಗ ಗಂಟೆಗೆ 118 ಮೈಲಿಯಿಂದ 137ಕ್ಕೆ ಏರಿತಂತೆ. ಎಂಜಿನ್ ಅದೇ. ಮುಂದಿನ ತೂತಿನಿಂದ ಬಂದ ಗಾಳಿ ಸಿಲಿಂಡರ್‌ಗಳ ಮೈಮೇಲಿನ ತೆಳು ಲೋಹದ ಪಟ್ಟಿಗಳ ನಡುವೆ ಹಾಯ್ದು, ಅವನ್ನು ತಣಿಸಿ, ತಾನು ಬಿಸಿಯಾಗಿ ಹಿಗ್ಗಿ, ಕೆಳಗಿನಿಂದ ಹೊರಬೀಳುತ್ತದೆ. ಸುಮ್ನೆ ಮುಚ್ಚಳ ಅಲ್ಲ ಅದು.

ಈಗ ಹಿಂದಿನ ಅಂಚು. ಕೌಲಿಂಗ್ ಮೇಲೆ ಬಂದರೆ ಕತ್ತರಿಸಬೇಕಾದ ಜಾಗವೇ ಕಾಣಲ್ಲ. ಅದಕ್ಕೆ ಮೊದಲೇ ವಿಮಾನದ ಮೈಮೇಲೆ, ಅಂಚಿನಿಂದ ಸರಿಯಾಗಿ 50 ಮಿಲಿಮೀಟರ್ ಹಿಂದೆ ಒಂದು ಗೆರೆ. ಕೌಲಿಂಗ್ ಇಟ್ಟ ಮೇಲೆ ಆ ಗೆರೆಯಿಂದ 50 ಮುಂದಕ್ಕೆ ಅಳೆದು ಗುರುತು. ಬಲಗಡೆ ಚೆನ್ನಾಗಿ ಬಂತು. ಎಡಗಡೆ ಮೈ ತಿರುಗುವ ಕಡೆ ನಾನು ಅಳತೆ ಟೇಪನ್ನು ಬಾಗಿಸದೆ ನೇರ ಎಳೆದುಬಿಟ್ಟೆ. ಮಾರ್ಜಿನ್ ಬಿಟ್ಟು ಕತ್ತರಿಸಿ ಉಜ್ಜುವ ಬದಲು ಗೆರೆಗೇ ಕತ್ತರಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ. ಎರಡು ಮಿಲಿಮೀಟರ್ ಬಾಯಿ ಬಿಟ್ಟಿತ್ತು.

ಭಾವ ಬೈಯಲಿಲ್ಲ. ವಿಮಾನದ ಅಂಚಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ಎಪಾಕ್ಸಿ ಅಂಟಿಗೆ ಹತ್ತಿಯ ಪುಡಿ ಕಲಸಿ, ಚಟ್ನಿಯಷ್ಟು ಗಟ್ಟಿ ಮಾಡಿ ಸಂದಿಗೆ ತುಂಬಿಸಿದರು. ಜುಲೈ ಮಳೆ. ಮರುದಿನ ಮೇಲೆ ಜಿಡ್ಡಿನಂಥ ಪದರ ಬಂದಿತ್ತು. ತೇವದ ಗಾಳಿಯಲ್ಲಿ ಎಪಾಕ್ಸಿ ಹಾಗೆ ಮಾಡುತ್ತದೆ. ನೀರಿನಿಂದ ತೊಳೆಯದೆ ಉಜ್ಜಿದರೆ ಸ್ಯಾಂಡ್ ಪೇಪರಿಗೇ ಮೆತ್ತಿಕೊಳ್ಳುತ್ತದೆ. ತೊಳೆದು ಉಜ್ಜಿದೆವು. ಮೈಯೆಲ್ಲ ತುರಿಕೆ. ಆ ಬಟ್ಟೆಗಳನ್ನು ಅಕ್ಕ ವಾಷಿಂಗ್ ಮೆಷಿನ್ ಹತ್ತಿರವೂ ಬಿಡಲಿಲ್ಲ.

ಕೆಳಗಿನ ಹೋಳಿಗೆ ಬೇರೆ ಉಪಾಯ ಮಾಡಿದೆವು. ಬಣ್ಣ ಹಚ್ಚದ ಫೈಬರ್‌ಗ್ಲಾಸಿನಲ್ಲಿ ಬೆಳಕು ಹಾಯುತ್ತದಲ್ವಾ, ಒಳಗೆ ಮೊಬೈಲ್ ಟಾರ್ಚ್ ಹಿಡಿದರೆ ಫೈರ್‌ವಾಲಿನ ಅಂಚು ಹೊರಗೆ ಕಪ್ಪು ಗೆರೆಯಾಗಿ ಕಾಣುತ್ತದೆ. ಅದರ ಮೇಲೇ ಪೆನ್ಸಿಲ್ ಓಡಿಸಿದೆ. ಅಳತೆ ಟೇಪಿನ ಹಂಗಿಲ್ಲ.

ಹೋದ ತಿಂಗಳು ಎಂಜಿನ್ ನಾಲ್ಕೈದು ಸಲ ನೆಲದ ಮೇಲೇ ಓಡಿತು. ಕೊನೆಯ ಸಲ ತಣ್ಣಗಾದ ಮೇಲೆ ಭಾವ ಸ್ಪಿನ್ನರಿನಿಂದ ಕೌಲಿಂಗಿಗೆ ಬೆರಳು ಆಡಿಸಿ, ಸ್ಕೇಲ್ ಇಟ್ಟು ನೋಡಿದರು. ಆಮೇಲೆ ಕೌಲಿಂಗಿನ ಒಳಮೈ ಮೇಲೆ ತಾರೀಖು ಹಾಕಿ, ಮೊದಲು ಬರೆದಿದ್ದ 3ರ ಕೆಳಗೆ 2 ಅಂತ ಬರೆದರು.