ಜಕ್ಕೂರಿನ ಲೈಸೆನ್ಸ್ ಹಿಡಿದು ಪಾಲೊ ಆಲ್ಟೊ ಆಕಾಶದಲ್ಲಿ

ನಮಸ್ಕಾರ. ಈಗ ಕಾಣುತ್ತಿರುವುದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ವಿಮಾನ ನಿಲ್ದಾಣ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಜೌಗು ದಡದಲ್ಲಿ ಸುಮಾರು 2,440 ಅಡಿ ಉದ್ದದ ಒಂದೇ ರನ್‌ವೇ, ಅದರ ಬದಿಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಸಣ್ಣ ವಿಮಾನಗಳ ಸಾಲು. ಅವುಗಳಲ್ಲಿ ಎಡದಿಂದ ಮೂರನೆಯ ಸೆಸ್ನಾ 172 ಇಂದು ನನ್ನ ಪಾಲಿನದು. ವಿಮಾನವನ್ನು ಪರೀಕ್ಷಿಸುವ ಕ್ರಮವನ್ನು ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸುವುದಿಲ್ಲ.

ನಾನು ಹಾರಲು ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ. ಭಾರತದ ಖಾಸಗಿ ಪೈಲಟ್ ಲೈಸೆನ್ಸ್ ಒಂದನ್ನೇ ತೋರಿಸಿ ಅಮೆರಿಕದಲ್ಲಿ ನೋಂದಣಿಯಾದ ವಿಮಾನವನ್ನು ಇಲ್ಲಿ ಹಾರಿಸಲಾಗದು. ಅದರ ಆಧಾರದ ಮೇಲೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ತನ್ನದೊಂದು ಸರ್ಟಿಫಿಕೇಟ್ ಕೊಡುತ್ತದೆ. ನಮ್ಮ ಲೈಸೆನ್ಸ್ ಅಸಲಿಯೆಂದು ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯಿಂದ ಖಚಿತಪಡಿಸಿಕೊಂಡ ಮೇಲೆ ಎಫ್‌ಎಎ ಕಳುಹಿಸುವ ಪತ್ರ 6 ತಿಂಗಳು ಮಾತ್ರ ಊರ್ಜಿತದಲ್ಲಿರುತ್ತದೆ, ಅಷ್ಟರೊಳಗೆ ನಾವು ಖುದ್ದಾಗಿ ಹಾಜರಾಗಬೇಕು. ಖಾಸಗಿ ಪೈಲಟ್ ಹೊಸದಾಗಿ ಪರೀಕ್ಷೆ ಬರೆಯಬೇಕಾಗಿಲ್ಲ. ಆದರೆ ಬೋಧಕರೊಡನೆ ಕನಿಷ್ಠ ಒಂದು ಗಂಟೆಯ ಪಾಠ ಮತ್ತು ಒಂದು ಗಂಟೆಯ ಹಾರಾಟ ಮುಗಿಸಬೇಕು. ಅವೆರಡೂ ಮೊನ್ನೆ ಮುಗಿದವು. ಸರ್ಟಿಫಿಕೇಟ್ ಕೈಗೆ ಬಂದರೂ ಭಾರತದ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ. ಆದ್ದರಿಂದ ಎರಡೂ ನನ್ನ ಚೀಲದಲ್ಲಿವೆ.

ಎಂಜಿನ್ ಚಾಲೂ ಆಯಿತು. ಈಗ ತೋರಿಸುತ್ತಿರುವ ಈ ಪುಟ್ಟ ಅಂಕಿಗಳ ಪೆಟ್ಟಿಗೆಯನ್ನು ದಯವಿಟ್ಟು ಗಮನಿಸಿ. ಇದರ ಹೆಸರು ಹಾಬ್ಸ್ ಮೀಟರ್. ಬಾಡಿಗೆ ಲೆಕ್ಕವಾಗುವುದು ಹಾರಿದ ಸಮಯಕ್ಕಲ್ಲ, ಈ ಮೀಟರ್ ಓಡಿದ ಸಮಯಕ್ಕೆ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಇದು ಪ್ರತಿ 6 ನಿಮಿಷಕ್ಕೆ ಒಂದೊಂದು ಅಂಕಿ ಮುಂದಕ್ಕೆ ಹೋಗುತ್ತದೆ. ನಾನು ಒಪ್ಪಿಕೊಂಡಿರುವ ದರ ಇಂಧನವೂ ಸೇರಿ ಗಂಟೆಗೆ 195 ಡಾಲರ್, ಅಂದರೆ ಒಂದು ಅಂಕಿಗೆ ಹತ್ತೊಂಬತ್ತೂವರೆ ಡಾಲರ್. ನಾವೀಗ ನಿಂತಿರುವುದು ರನ್‌ವೇಗೆ ಹೋಗುವ ಮುನ್ನ ಎಂಜಿನ್ ಪರೀಕ್ಷಿಸುವ ಜಾಗದಲ್ಲಿ. ಮುಂದೆ ನಾಲ್ಕು ವಿಮಾನಗಳಿವೆ, ಮೇಲೆ ಮೂವರು ವಿದ್ಯಾರ್ಥಿಗಳು ಸುತ್ತು ಹಾಕುತ್ತಾ ಇಳಿಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಬೆಂಗಳೂರಿನ ಆಟೋದಲ್ಲಿ ಸಿಗ್ನಲ್ ಬಳಿ ನಿಂತಾಗ ವೇಟಿಂಗ್ ಚಾರ್ಜ್ ಏರುವುದನ್ನು ನೋಡುತ್ತಾ ಕುಳಿತವರಿಗೆ ನನ್ನ ಸಂಕಟ ಅರ್ಥವಾದೀತು. ಇಲ್ಲಿಯೇ 4 ಅಂಕಿಗಳು ಹೋದವು. 78 ಡಾಲರ್, ನಮ್ಮ ಲೆಕ್ಕದಲ್ಲಿ ಆರೂವರೆ ಸಾವಿರ ರೂಪಾಯಿಗೂ ಹೆಚ್ಚು, ಚಕ್ರ ನೆಲ ಬಿಡುವ ಮೊದಲೇ ಖರ್ಚಾಯಿತು. ಇದು ಅನ್ಯಾಯದ ಪದ್ಧತಿ ಎಂದು ಆ ಗಳಿಗೆಯಲ್ಲಿ ನನಗೆ ಬಲವಾಗಿ ಅನ್ನಿಸಿತು. ಈಗ ಯೋಚಿಸಿದರೆ, ನಿಂತಿದ್ದರೂ ಎಂಜಿನ್ ಸವೆಯುತ್ತದೆ, ಪೆಟ್ರೋಲ್ ಉರಿಯುತ್ತದೆ. ಮಾಲೀಕರು ಅದನ್ನು ಬಿಟ್ಟುಕೊಡಬೇಕೆನ್ನುವುದು ಸರಿಯಲ್ಲ. ಆದರೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿಗೆ ಬರಬೇಡಿ. ಏಳಕ್ಕೇ ಬನ್ನಿ.

ಸರಿ, ಮೇಲೇರಿದೆವು. ಇಲ್ಲಿನ ವಿಮಾನಗಳ ನೋಂದಣಿ ಹೆಸರು ‘ಎನ್’ ಅಕ್ಷರದಿಂದ ಆರಂಭವಾಗುತ್ತದೆ, ನಮ್ಮವುಗಳದು ‘ವಿಟಿ’ಯಿಂದ; ರೇಡಿಯೊದಲ್ಲಿ ಅದನ್ನು ‘ವಿಕ್ಟರ್ ಟ್ಯಾಂಗೊ’ ಎನ್ನುತ್ತೇವೆ. ಮೊನ್ನೆ ರೇಡಿಯೊದಲ್ಲಿ ನನ್ನ ಬಾಯಿಂದ ರೂಢಿಬಲದಿಂದ ‘ವಿಕ್ಟರ್ ಟ್ಯಾಂಗೊ’ ಎಂದೇ ಬಂದುಬಿಟ್ಟಿತ್ತು. ಗಾಳಿಯ ಒತ್ತಡವನ್ನೂ ಇವರು ನಮ್ಮಂತೆ ಹೆಕ್ಟೊಪಾಸ್ಕಲ್‌ನಲ್ಲಿ ಹೇಳದೆ ಪಾದರಸದ ಅಂಗುಲದಲ್ಲಿ ಹೇಳುತ್ತಾರೆ. ನಮ್ಮ 1013 ಇವರಿಗೆ 29.92.

ನಿಜವಾದ ವ್ಯತ್ಯಾಸ ಇವುಗಳಲ್ಲಿಲ್ಲ. ಜಕ್ಕೂರಿನಿಂದ ಮೈಸೂರಿಗೆ ಹೊರಡಬೇಕಾದರೆ ಫ್ಲೈಟ್ ಪ್ಲಾನ್ ಸಲ್ಲಿಸಿ, ಎಡಿಸಿ (ವಾಯು ರಕ್ಷಣಾ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್‌ಗಳನ್ನು ಪಡೆದ ಮೇಲೆಯೇ ಹಾರಬೇಕು. ಆಕಾಶದಲ್ಲಿರುವವರು ಯಾರೆಂದು ವಾಯುಪಡೆಗೆ ಮೊದಲೇ ತಿಳಿದಿರುತ್ತದೆ. ಇಲ್ಲಿ ಹವಾಮಾನ ತಿಳಿಯಾಗಿದ್ದು ಕಣ್ಣಳತೆಯಲ್ಲಿ ಹಾರುವ ಖಾಸಗಿ ಪೈಲಟ್ ಸಾಮಾನ್ಯವಾಗಿ ಯಾವ ಪ್ಲಾನನ್ನೂ ಸಲ್ಲಿಸಬೇಕಾಗಿಲ್ಲ. ಮೊದಲ ದಿನ ಇದು ನನಗೆ ಬೇಜವಾಬ್ದಾರಿಯಾಗಿ ಕಂಡಿತು. ಎರಡನೆಯ ದಿನ, ನಮ್ಮಲ್ಲಿಯೂ ಹೀಗಿದ್ದರೆ ಎಷ್ಟು ಜನ ಹಾರುತ್ತಿದ್ದರು ಎಂದು ಹೊಟ್ಟೆ ಉರಿಯಿತು. ಮೂರನೆಯ ದಿನವಾದ ಇಂದು ನಾನೇ ಇಷ್ಟಪಟ್ಟು ಪ್ಲಾನ್ ಸಲ್ಲಿಸಿದ್ದೇನೆ. ಏಕೆಂದರೆ ಹೇಳಿದ ಹೊತ್ತಿಗಿಂತ 30 ನಿಮಿಷ ತಡವಾದರೂ ನಾನು ತಲುಪಿದ ಸುದ್ದಿ ಬರದಿದ್ದರೆ ಪ್ಲಾನ್ ಸ್ವೀಕರಿಸಿದವರು ವಿಚಾರಿಸಲು ತೊಡಗುತ್ತಾರೆ. ಪರದೇಶದಲ್ಲಿ ನನ್ನ ದಾರಿ ಕಾಯುವವರು ಬೇರೆ ಯಾರೂ ಇಲ್ಲ.

ಇದೋ, ಬೆಟ್ಟಸಾಲು ಬಂತು. ಇದರಾಚೆಗಿರುವ ಹಾಫ್ ಮೂನ್ ಬೇ ನಿಲ್ದಾಣದಲ್ಲಿ ಇಳಿದು ಊಟ ಮಾಡುವುದು ನನ್ನ ಯೋಜನೆಯಾಗಿತ್ತು. ಆದರೆ ಕಡಲತೀರವೇ ಕಾಣುತ್ತಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಪೆಸಿಫಿಕ್‌ನ ತಣ್ಣೀರು ಆಳದಿಂದ ಮೇಲೇಳುತ್ತದೆ, ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ತಗ್ಗಿನ ಮೋಡವಾಗುತ್ತದೆ. ಈ ಬೆಟ್ಟಗಳು ತಡೆಯುವುದರಿಂದ ಪಾಲೊ ಆಲ್ಟೊದಲ್ಲಿ ಬಿಸಿಲಿದ್ದಾಗಲೂ ಹತ್ತು ನಿಮಿಷದ ಹಾರಾಟದಾಚೆ ನೆಲ ಮುಚ್ಚಿಹೋಗಿರುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಕಣಿವೆಯ ಮೋಡ ನೋಡಿದವರಿಗೆ ಇದು ಪರಿಚಿತ ದೃಶ್ಯ. ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆ ನನಗಿಲ್ಲ, ಹಾಗಾಗಿ ಇದರೊಳಗೆ ಇಳಿಯುವ ಮಾತೇ ಇಲ್ಲ. ವಿಮಾನವನ್ನು ತಿರುಗಿಸುತ್ತಿದ್ದೇನೆ.

ಉತ್ತರದ ಕಡೆ ಹೋಗಲು ಈ ಭಾಗದ ವಿಮಾನ ಸಂಚಾರ ನಿಯಂತ್ರಕರಾದ ನಾರ್ಕ್ಯಾಲ್ ಅಪ್ರೋಚ್‌ನವರನ್ನು ಕೇಳಿದೆ. ಅದು ಸ್ಯಾನ್‌ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ನಿಲ್ದಾಣವನ್ನು ಸುತ್ತುವರಿದ ಕ್ಲಾಸ್ ಬ್ರಾವೊ, ಅಂದರೆ ಬಿಗಿ ನಿಯಂತ್ರಣದ ವಾಯುಪ್ರದೇಶ. ನಿಯಂತ್ರಕರು ನಮ್ಮನ್ನು ಮಾತನಾಡಿಸಿದರೆ ಸಾಲದು, ಪ್ರವೇಶಕ್ಕೆ ಅನುಮತಿಯಿದೆ ಎಂಬ ಮಾತನ್ನೇ ಸ್ಪಷ್ಟವಾಗಿ ಹೇಳಬೇಕು. ಹೇಳಿದರು, ಕೇಳಿಸಿಕೊಂಡಿರಿ. ಕೆಳಗಿರುವುದು ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯ. ಅದು ಉದ್ದಕ್ಕೆ ಗೆರೆ ಎಳೆದಂತಿರುವುದು ಸುಮ್ಮನಲ್ಲ, ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಹಾದುಹೋಗುವ ಕಣಿವೆಯೇ ಅದು. ಮುಂದೆ ಗೋಲ್ಡನ್ ಗೇಟ್: 746 ಅಡಿ ಎತ್ತರದ ಎರಡು ಗೋಪುರಗಳ ಕೆಂಪು ತುದಿಗಳು ಮಾತ್ರ ಮೋಡದ ಮೇಲೆ ಕಾಣುತ್ತಿವೆ. ಇಲ್ಲಿ ಸ್ವಲ್ಪ ಹೊತ್ತು ನಾನು ಮಾತನಾಡುವುದಿಲ್ಲ.

ಪಾಲೊ ಆಲ್ಟೊಗೆ ಮರಳಿ ಇಳಿದಾಯಿತು. ಎಂಜಿನ್ ನಿಲ್ಲಿಸಿದೆ. ಮೀಟರ್ ಆರಂಭದ ಅಂಕಿಗಿಂತ 1.9 ಗಂಟೆ ಮುಂದಿದೆ, ಅಂದರೆ 370 ಡಾಲರ್‌ಗೆ ಸ್ವಲ್ಪ ಮೇಲೆ. ಆ ಗೋಪುರಗಳನ್ನು ನೋಡಿದ ಮೇಲೆ ಈ ದರ ಹೆಚ್ಚೆಂದು ನಾನು ಹೇಳಲಾರೆ, ಕಾದು ನಿಂತ ಆ 78 ಡಾಲರ್ ವಿಷಯದಲ್ಲಿ ಮಾತ್ರ ನನ್ನ ನೋವು ಹಾಗೆಯೇ ಇದೆ. ಹಗ್ಗ ಬಿಗಿಯುವುದನ್ನು... ಇಲ್ಲ, ಕ್ಯಾಮೆರಾ ನಿಲ್ಲಿಸಬೇಕು. ದಾರಿ ಬದಲಿಸಿದ್ದರಿಂದ ನಾನು ಪ್ಲಾನ್‌ನಲ್ಲಿ ಹೇಳಿದ ಹೊತ್ತು ಮೀರಿ ಆಗಲೇ 21 ನಿಮಿಷವಾಗಿದೆ. ಅವಧಿ ವಿಸ್ತರಿಸುವಂತೆ ಮೇಲಿದ್ದಾಗಲೇ ರೇಡಿಯೊದಲ್ಲಿ ಕೇಳಬೇಕಿತ್ತು, ಕೇಳದೆ ಇದ್ದದ್ದು ನನ್ನ ತಪ್ಪು. ಹುಡುಕಲು ತೊಡಗುವ ಮುನ್ನ ಫೋನ್ ಮಾಡಿ ಪ್ಲಾನ್ ಮುಗಿಸಲು ನನಗಿರುವುದು ಇನ್ನು 9 ನಿಮಿಷ.